ಥಿಯೋಡರ್ ಸೆಡ್ಜ್‌ವಿಕ್: ಸಂವಿಧಾನದ ಮಾತನ್ನು ಕೋರ್ಟಿಗೆ ಒಯ್ದ ವಕೀಲ

ಥಿಯೋಡರ್ ಸೆಡ್ಜ್‌ವಿಕ್ (1746–1813) ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಕೀಲ, ಶಾಸಕ ಮತ್ತು ನ್ಯಾಯಾಧೀಶ. ಶಾಸನಸಭೆಗಳಲ್ಲಿ ದೊಡ್ಡ ಹುದ್ದೆಗಳನ್ನೇ ಪಡೆದರೂ ಈತನ ಹೆಸರನ್ನು ಇಂದಿಗೂ ಉಳಿಸಿರುವುದು 1781ರಲ್ಲಿ ಇಬ್ಬರು ಗುಲಾಮರ ಪರವಾಗಿ ನಡೆಸಿದ ಒಂದು ದಾವೆ.

ಕನೆಕ್ಟಿಕಟ್‌ನ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ ಸೆಡ್ಜ್‌ವಿಕ್ ಯೇಲ್ ಕಾಲೇಜಿಗೆ ಸೇರಿದನಾದರೂ ಪದವಿ ಮುಗಿಸಲಿಲ್ಲ. ಹಿರಿಯ ವಕೀಲರೊಬ್ಬರ ಕೈಕೆಳಗೆ ಕಾನೂನು ಕಲಿತು 1766ರಲ್ಲಿ ವಕೀಲಿ ಆರಂಭಿಸಿದ. ಬಳಿಕ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್‌ನಲ್ಲಿ ನೆಲೆಸಿದ. 1773ರಲ್ಲಿ ಆ ಊರಿನ ಪ್ರಮುಖರು ಕರ್ನಲ್ ಜಾನ್ ಆಶ್ಲಿಯ ಮನೆಯಲ್ಲಿ ಸೇರಿ ಬ್ರಿಟಿಷ್ ಆಡಳಿತದ ವಿರುದ್ಧ ಠರಾವುಗಳನ್ನು ಸಿದ್ಧಪಡಿಸಿದರು. ಮನುಷ್ಯರೆಲ್ಲ ಸಹಜವಾಗಿ ಸಮಾನರು, ಸ್ವತಂತ್ರರು ಎಂದು ಸಾರಿದ ಆ ಠರಾವುಗಳನ್ನು ಬರೆಯುವಲ್ಲಿ ಸೆಡ್ಜ್‌ವಿಕ್‌ನ ಪಾತ್ರವಿತ್ತು. ಅದೇ ಮನೆಯಲ್ಲಿ ಬೆಟ್ ಎಂಬ ಕಪ್ಪು ಮಹಿಳೆ ಗುಲಾಮಳಾಗಿ ದುಡಿಯುತ್ತಿದ್ದಳು.

1780ರಲ್ಲಿ ರಾಜ್ಯದ ಹೊಸ ಸಂವಿಧಾನ ಜಾರಿಗೆ ಬಂತು. ಎಲ್ಲರೂ ಹುಟ್ಟಿನಿಂದಲೇ ಸ್ವತಂತ್ರರು, ಸಮಾನರು ಎಂಬುದೇ ಅದರ ಮೊದಲ ವಿಧಿ. ಈ ನಡುವೆ ಆಶ್ಲಿಯ ಹೆಂಡತಿ ಸಿಟ್ಟಿನಲ್ಲಿ ಕಾದ ಸಲಿಕೆಯನ್ನು ಎತ್ತಿ ಮನೆಯ ಇನ್ನೊಬ್ಬ ಗುಲಾಮ ಹುಡುಗಿಗೆ ಹೊಡೆಯಹೋದಳು. ಬೆಟ್ ಅಡ್ಡ ಬಂದಳು. ಏಟು ಆಕೆಯ ತೋಳಿಗೆ ಬಿತ್ತು. ಆ ಗಾಯವನ್ನು ಬೆಟ್ ಮುಚ್ಚಿಡದೆ, ಕೇಳಿದವರಿಗೆಲ್ಲ ಕಾಣುವಂತೆ ಬಿಟ್ಟಳು. ಆ ಬಳಿಕ ತನಗೂ ಕಾನೂನು ಬಿಡುಗಡೆ ಕೊಡುವುದಿಲ್ಲವೇ ಎಂದು ಕೇಳಿಕೊಂಡು ಸೆಡ್ಜ್‌ವಿಕ್‌ನ ಬಳಿಗೆ ಹೋದಳು.

ಸೆಡ್ಜ್‌ವಿಕ್ ವಕಾಲತ್ತು ವಹಿಸಿದ. ಆಶ್ಲಿಯ ಇನ್ನೊಬ್ಬ ಗುಲಾಮ ಬ್ರಾಮ್ ಕೂಡ ಅರ್ಜಿದಾರನಾದ; ಕನೆಕ್ಟಿಕಟ್‌ನ ವಕೀಲ ಟ್ಯಾಪಿಂಗ್ ರೀವ್ ಜತೆಗೂಡಿದ. ಅಕ್ರಮವಾಗಿ ಹಿಡಿದಿಟ್ಟ ಸ್ವತ್ತನ್ನು ಬಿಡಿಸಿಕೊಳ್ಳಲು ಬಳಸುವ ಆದೇಶವನ್ನೇ ಕೋರ್ಟಿನಿಂದ ಪಡೆದು, ಈ ಇಬ್ಬರೂ ಆಶ್ಲಿಯ ನ್ಯಾಯಬದ್ಧ ಸ್ವತ್ತಲ್ಲ ಎಂದು ವಾದ ಹೂಡಲಾಯಿತು. ಇವರು ತನ್ನ ಆಜೀವ ಸೇವಕರೆಂದು ಹೇಳಿ ಆಶ್ಲಿ ಬಿಟ್ಟುಕೊಡಲಿಲ್ಲ. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್‌ನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಗುಲಾಮಗಿರಿಗೆ ಅವಕಾಶ ಕೊಡುವ ಕಾನೂನು ಹಿಂದೆ ಇದ್ದಿದ್ದರೂ ಹೊಸ ಸಂವಿಧಾನದಿಂದ ಅದು ರದ್ದಾಗಿದೆ ಎಂಬುದು ವಾದದ ತಿರುಳು. ಜ್ಯೂರಿ ಇಬ್ಬರನ್ನೂ ಸ್ವತಂತ್ರರೆಂದು ತೀರ್ಮಾನಿಸಿ, 30 ಶಿಲ್ಲಿಂಗ್ ಪರಿಹಾರವನ್ನೂ ಖರ್ಚನ್ನೂ ಕೊಡಿಸಿತು. ಆಶ್ಲಿ ಮೇಲ್ಮನವಿ ಹಾಕಿ, ನಂತರ ಕೈಬಿಟ್ಟ. ಕ್ವಾಕ್ ವಾಕರ್ ಎಂಬಾತನ ದಾವೆಗಳೂ 1783ರ ವೇಳೆಗೆ ಇದೇ ನಿಲುವನ್ನು ಗಟ್ಟಿಮಾಡಿದವು. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬ ಗುಲಾಮನೂ ದಾಖಲಾಗಲಿಲ್ಲ.

ಎಲಿಜಬೆತ್ ಫ್ರೀಮನ್ ಎಂಬ ಹೊಸ ಹೆಸರು ಪಡೆದ ಬೆಟ್, ಸೆಡ್ಜ್‌ವಿಕ್‌ನ ಮನೆಯಲ್ಲಿ ಸಂಬಳಕ್ಕೆ ಕೆಲಸಕ್ಕೆ ಸೇರಿದಳು. ಸಾಲ ಮತ್ತು ತೆರಿಗೆಯಿಂದ ಬಸವಳಿದ ರೈತರು 1786–87ರಲ್ಲಿ ಶೇಸ್ ಬಂಡಾಯ ಎದ್ದಾಗ ಸೆಡ್ಜ್‌ವಿಕ್ ಸರ್ಕಾರದ ಪರ ನಿಂತ. ಬಂಡಾಯಗಾರರು ಸ್ಟಾಕ್‌ಬ್ರಿಡ್ಜ್‌ನಲ್ಲಿದ್ದ ಅವನ ಮನೆಗೆ ನುಗ್ಗಿದಾಗ ಬೆಳ್ಳಿ ಸಾಮಾನನ್ನು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಉಳಿಸಿದವಳು ಫ್ರೀಮನ್.

1788ರಲ್ಲಿ ಸೆಡ್ಜ್‌ವಿಕ್ ರಾಜ್ಯ ವಿಧಾನಸಭೆಯ ಸ್ಪೀಕರ್ ಆದ. ಅದೇ ವರ್ಷ ರಾಷ್ಟ್ರೀಯ ಸಂವಿಧಾನವನ್ನು 187–168 ಮತಗಳಿಂದ ಒಪ್ಪಿದ ರಾಜ್ಯ ಸಮಾವೇಶದಲ್ಲೂ ಇದ್ದ. ಬಲವಾದ ಕೇಂದ್ರ ಸರ್ಕಾರವನ್ನು ಬಯಸಿದ ಫೆಡರಲಿಸ್ಟ್ ಪಕ್ಷದ ಈತ ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಕುಳಿತು, 1799ರಿಂದ 1801ರವರೆಗೆ ಕೆಳಮನೆಯ ಸ್ಪೀಕರ್ ಆಗಿದ್ದ. ರಾಷ್ಟ್ರದ ಅಧ್ಯಕ್ಷ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಬರ್ ಸಮ ಮತ ಪಡೆದು, ಆಯ್ಕೆ ಆ ಸದನಕ್ಕೆ ಬಂದಾಗ, 36ನೇ ಸುತ್ತಿನ ಮತದಾನದಲ್ಲಿ ಜೆಫರ್ಸನ್ ಅಧ್ಯಕ್ಷನಾದದ್ದು ಈತನ ಅವಧಿಯಲ್ಲೇ.

1802ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾದ ಸೆಡ್ಜ್‌ವಿಕ್ 1813ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ತೀರಿಕೊಳ್ಳುವವರೆಗೂ ಆ ಪೀಠದಲ್ಲಿದ್ದ. 1829ರಲ್ಲಿ ತೀರಿಕೊಂಡ ಫ್ರೀಮನ್‌ಳ ಸಮಾಧಿಯೂ ಸ್ಟಾಕ್‌ಬ್ರಿಡ್ಜ್‌ನ ಸೆಡ್ಜ್‌ವಿಕ್ ಕುಟುಂಬದ ಸ್ಮಶಾನದಲ್ಲೇ ಇದೆ. ಆಕೆಯ ಆರೈಕೆಯಲ್ಲಿ ಬೆಳೆದ ಸೆಡ್ಜ್‌ವಿಕ್‌ನ ಮಗಳು ಕ್ಯಾಥರೀನ್ ಹೆಸರಾಂತ ಕಾದಂಬರಿಕಾರ್ತಿಯಾದಳು. ಫ್ರೀಮನ್‌ಳ ಬದುಕಿನ ಬಗ್ಗೆ ಇಂದು ತಿಳಿದಿರುವ ಹೆಚ್ಚಿನ ವಿವರಗಳು ಕ್ಯಾಥರೀನ್ 1853ರಲ್ಲಿ ಪ್ರಕಟಿಸಿದ ಲೇಖನದಿಂದ ಬಂದವು.