ತೋಟದ ಕೆಲಸಗಾರರ ಮನಸ್ಸಿನ ಆರೋಗ್ಯ



ಅಡಿಕೆಗೆ ಕೊಳೆ ಬಂದರೆ ಮಾಡಬೇಕಾದುದೇನೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಾಫಿ ಎಲೆಗೆ ತುಕ್ಕು ಹಿಡಿದರೆ, ಅರೇಬಿಕಾ ಗಿಡದಲ್ಲಿ ಕಾಂಡಕೊರಕ ಕಂಡರೆ, ಅದಕ್ಕೂ ತಕ್ಕ ಉಪಾಯವನ್ನು ಕಲಿತಿದ್ದೇವೆ. ಆದರೆ ಆ ಗಿಡಮರಗಳನ್ನು ನೋಡಿಕೊಳ್ಳುವ ಆಳಿನ ಮನಸ್ಸು ಕುಗ್ಗಿದರೆ ನಮ್ಮ ಬಾಯಿಗೆ ಬರುವುದು ಎರಡೇ ಮಾತು: ‘ಸೋಮಾರಿ’, ಇಲ್ಲವೇ ‘ಕುಡುಕ’. ಈ ಸಲ ಆ ವಿಷಯವಾಗಿ ಬರೆಯಲು ಕಾರಣವಾದದ್ದು ನಮ್ಮ ಕಣ್ಣೆದುರಿಗೇ ನಡೆದ ಒಂದು ಸಂಗತಿ.

ಸದಸ್ಯರೊಬ್ಬರ ತೋಟದಲ್ಲಿ ಅನೇಕ ವರ್ಷಗಳಿಂದ ಕೊನೆ ತೆಗೆಯುತ್ತಿದ್ದ ಕೊನೆಗಾರನೊಬ್ಬನಿದ್ದ. ಒಂದು ಮಳೆಗಾಲ ಎರಡನೇ ಸಲ ಔಷಧಿ ಹೊಡೆಯುವಾಗ ಪಕ್ಕದ ಮರದಲ್ಲಿದ್ದ ಅವನ ಜೊತೆಗಾರ ಜಾರಿ ಬಿದ್ದ. ಬಿದ್ದವನು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ. ನೋಡಿದವನಿಗೆ ಮೈಮೇಲೆ ಒಂದು ಗೀರೂ ಇರಲಿಲ್ಲ. ನಾಲ್ಕು ದಿನ ಬಿಟ್ಟು ಅವನು ಕೆಲಸಕ್ಕೆ ಬಂದ; ಮರದ ಬುಡದವರೆಗೆ ಹೋಗಿ ಹಿಂದಿರುಗಿದ. ಹೊಟ್ಟೆನೋವು ಎಂದ, ತಲೆಸುತ್ತು ಎಂದ, ಮತ್ತೊಂದು ವಾರ ಬರಲೇ ಇಲ್ಲ. ಬಟವಾಡೆಯ ದಿನ ನಾವೂ ಆ ಮನೆಯ ಜಗಲಿಯಲ್ಲಿ ಕುಳಿತಿದ್ದೆವು. “ಏನೋ, ಮರ ಹತ್ತೋ ಗಂಡಸು ಹೆಂಗಸರ ಜೊತೆ ಅಡಿಕೆ ಹೆಕ್ಕೋಕೆ ನಿಂತ್ಯಲ್ಲೋ” ಎಂದು ಯಜಮಾನರು ತಮಾಷೆ ಮಾಡಿದರು. ನಾವೂ ನಕ್ಕೆವು. ಅವನು ತಲೆ ತಗ್ಗಿಸಿ ಹಣ ಎಣಿಸಿಕೊಂಡು ಹೋದ.

ಅದಾಗಿ ತಿಂಗಳು ಕಳೆದಿರಲಿಲ್ಲ, ಅವನ ಹೆಂಡತಿ ರಾತ್ರಿ ಬಂದು ಯಜಮಾನರ ಬಾಗಿಲು ಬಡಿದಳು. ಕೀಟನಾಶಕದ ಡಬ್ಬಿ ಕೈಗೆತ್ತಿಕೊಂಡಿದ್ದ ಗಂಡನನ್ನು ಅವಳೂ ನೆರೆಮನೆಯವನೂ ಸೇರಿ ಹಿಡಿದು ಕೂರಿಸಿದ್ದರು. ಡಬ್ಬಿ ಯಜಮಾನರದ್ದೇ, ಪಂಪಿನ ಮನೆಯಲ್ಲಿ ಬೀಗವಿಲ್ಲದೆ ಇಟ್ಟಿದ್ದದ್ದು. ಮರುದಿನ ಅವನು ಹೇಳಿದ ಮಾತು ಇಷ್ಟೇ: “ಗೌಡ್ರೇ, ಕಣ್ಣು ಮುಚ್ಚಿದ್ರೆ ಅವ್ನು ಬೀಳೋದೇ ಕಾಣ್ತದೆ. ಮರ ಮುಟ್ಟಿದ್ರೆ ಕೈ ಬೆವರ್ತದೆ. ಯಾರ ಹತ್ರ ಹೇಳೋದು? ಹೇಳಿದ್ರೆ ನಗ್ತಾರೆ.”

ನಗುತ್ತಾರೆ ಎಂದು ಅವನು ಹೇಳಿದ್ದು ನಮ್ಮನ್ನು ಕುರಿತೇ.

ವೈದ್ಯರನ್ನು ಕಂಡ ಮೇಲೆ ತಿಳಿದುಬಂದುದೇನೆಂದರೆ, ಇದು ಹೆದರುಪುಕ್ಕಲತನವಲ್ಲ, ಹೆಸರಿರುವ ಒಂದು ಕಾಯಿಲೆ. ಭೀಕರವಾದುದನ್ನು ಕಣ್ಣಾರೆ ಕಂಡವನಿಗೆ ಕೆಲವು ದಿನ ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು ಸಹಜ. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಅದೇ ದೃಶ್ಯ ಮತ್ತೆ ಮತ್ತೆ ಮರುಕಳಿಸುತ್ತಿದ್ದರೆ, ಆ ಜಾಗಕ್ಕೇ ಹೋಗಲಾರದಂತಾದರೆ, ಚಿಕಿತ್ಸೆ ಬೇಕು, ಮತ್ತು ಚಿಕಿತ್ಸೆ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದುದನ್ನು ಕಂಡವರಲ್ಲಿ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಡೆ ತೋಟದ ಲೈನುಗಳು ಕೊಚ್ಚಿಹೋದಾಗ ಉಳಿದುಕೊಂಡವರಲ್ಲಿ, ಜೋರು ಮಳೆಯ ಸದ್ದಿಗೇ ಎದೆ ಹೊಡೆದುಕೊಳ್ಳುವವರು ಇದ್ದರೆ ಆಶ್ಚರ್ಯವಿಲ್ಲ. ಗುಡ್ಡದ ಬುಡದಲ್ಲಿ ಲೈನು ಮನೆ ಇರುವವರು, ಮಳೆ ಹೆಚ್ಚಾದ ರಾತ್ರಿ ಎಲ್ಲಿಗೆ ಬರಬೇಕು, ಯಾರನ್ನು ಎಬ್ಬಿಸಬೇಕು ಎಂಬುದನ್ನು ಜೂನಿಗೆ ಮೊದಲೇ ಆಳುಗಳಿಗೆ ಹೇಳಿಟ್ಟರೆ ಅವರ ಅರ್ಧ ನಿದ್ದೆ ಅವರಿಗೆ ಸಿಗುತ್ತದೆ.

ಇನ್ನು ಹೆಚ್ಚಾಗಿ ಕಾಣುವುದು ಖಿನ್ನತೆ. ನಮ್ಮ ಆಳುಗಳು ‘ಮನಸ್ಸಿಗೆ ಬೇಸರ’ ಎಂದು ಬಂದು ಹೇಳುವುದು ಅಪರೂಪ. ಅವರು ಹೇಳುವುದು ಮೈಕೈ ನೋವು, ತಲೆಭಾರ, ಎದೆ ಉರಿ, ಸುಸ್ತು. ಸರಕಾರಿ ಆಸ್ಪತ್ರೆಗೂ ಖಾಸಗಿ ಡಾಕ್ಟರಿಗೂ ಹತ್ತು ಸಲ ತೋರಿಸಿ ಟಾನಿಕ್ ಕುಡಿದು ಬಂದಿರುತ್ತಾರೆ. ನೋಡಬೇಕಾದುದು ಬದಲಾವಣೆಯನ್ನು. ದಿನಾ ನಗುನಗುತ್ತಾ ಸುಲಿಯಲು ಕೂರುತ್ತಿದ್ದ ಹೆಂಗಸು ಮಾತು ನಿಲ್ಲಿಸಿದ್ದಾಳೆ. ಬುತ್ತಿ ಬಿಚ್ಚಿ ಎರಡು ತುತ್ತಿಗೇ ಮುಚ್ಚುತ್ತಾಳೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ ಎನ್ನುತ್ತಾಳೆ. ಚಿಗುರು ತೆಗೆಯುವ ಕೈ ಗಿಡದ ಮೇಲೆಯೇ ನಿಂತುಬಿಡುತ್ತದೆ. ಎರಡು ವಾರಕ್ಕೂ ಮೀರಿ ಹೀಗೇ ನಡೆದರೆ ಬೈದು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಖಿನ್ನತೆ ಮತ್ತು ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ. ಅಷ್ಟು ದೊಡ್ಡ ಲೆಕ್ಕ ನಮಗೇಕೆ; ಕುಯ್ಲಿನ ಹೊತ್ತಿಗೆ ಒಂದು ಆಳು ತಪ್ಪಿದರೆ ಏನಾಗುತ್ತದೆಂದು ನಾವೇ ಬಲ್ಲೆವು.

ಮಾತಾಡುವುದು ಹೇಗೆ? ಎಲ್ಲರೆದುರಿಗೆ, ಮೇಸ್ತ್ರಿಯ ಮುಂದೆ, ಬಟವಾಡೆಯ ಸಾಲಿನಲ್ಲಿ ಕೇಳಬಾರದು. ಕಣದ ಮೂಲೆಯಲ್ಲೋ ತೋಟದ ದಾರಿಯಲ್ಲೋ ಒಬ್ಬರೇ ಸಿಕ್ಕಾಗ, “ಈಚೆಗೆ ನಿನ್ನ ಮುಖ ಸರಿ ಕಾಣ್ತಿಲ್ಲ, ಏನಾಯ್ತು?” ಎಂದರೆ ಸಾಕು. ಆಮೇಲೆ ಸುಮ್ಮನೆ ಕೇಳಬೇಕು. ನಮ್ಮವರಿಗೆ ಇದೇ ಕಷ್ಟ. ಎರಡು ಮಾತು ಕೇಳುವುದರೊಳಗೆ ಹತ್ತು ಬುದ್ಧಿವಾದ ಹೇಳಿಬಿಡುತ್ತೇವೆ. ಹೆಂಗಸರಾದರೆ ಮನೆಯ ಅಮ್ಮನವರು ಕೇಳುವುದೇ ಸರಿ. ಸಾಯುವ ಮಾತು ಬಂದರೆ, ಅಥವಾ ಬಂದೀತೆಂಬ ಅನುಮಾನವಿದ್ದರೆ, “ಜೀವ ಕಳ್ಕೊಳ್ಳೋ ಯೋಚನೆ ಏನಾದ್ರೂ ಬರ್ತಿದ್ಯಾ?” ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಕೇಳುವುದರಿಂದ ಮನಸ್ಸು ಹಗುರಾಗುತ್ತದೆ ಎಂಬುದು ಮನೋವೈದ್ಯರ ಅನುಭವ. ಹೌದು ಎಂದರೆ ಆ ಮನುಷ್ಯನನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇಲ್ಲಿ ವಿಷದ ಡಬ್ಬಿಯ ಮಾತನ್ನು ಬಿಡುವಂತಿಲ್ಲ. ಪ್ರಾಣ ಕಳೆದುಕೊಳ್ಳುವ ಆವೇಗ ಅನೇಕರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ನಮ್ಮಂತೆಯೇ ತೋಟಗಳಿರುವ ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ಅತಿ ತೀಕ್ಷ್ಣ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಲಾಯಿತು. 1995ರಿಂದ 2005ರೊಳಗೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಜನರ ಕಷ್ಟ ಅರ್ಧಕ್ಕೆ ಇಳಿಯಿತೆಂದಲ್ಲ. ವಿಷ ಕೈಗೆ ಸಿಗಲಿಲ್ಲ, ಅಷ್ಟೇ. ನಾವು ಕಾನೂನು ಮಾಡಬೇಕಾಗಿಲ್ಲ, ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿದರೆ ಆಯಿತು. ಕೀಟನಾಶಕ, ಕಳೆನಾಶಕಗಳೆಲ್ಲ ಅದರೊಳಗೆ. ಬೀಗದ ಕೈ ಯಜಮಾನರ ಹತ್ತಿರ. ಆ ದಿನಕ್ಕೆ ಬೇಕಾದಷ್ಟನ್ನೇ ಅಳೆದು ಕೊಡುವುದು, ಉಳಿದದ್ದನ್ನು ಸಂಜೆ ಹಿಂದಕ್ಕೆ ಪಡೆಯುವುದು, ಖಾಲಿ ಡಬ್ಬಿ ಲೈನಿಗೆ ಹೋಗದಂತೆ ನೋಡುವುದು. ಲೈನು ಮನೆಯ ಅಟ್ಟದಲ್ಲಿ ಔಷಧಿ ಇಡಿಸುವ ಪದ್ಧತಿ ಕೆಲವು ಕಡೆ ಈಗಲೂ ಇದೆ. ಅದನ್ನು ಇಂದೇ ನಿಲ್ಲಿಸಬೇಕು. ಈ ಬೀಗ ನಮ್ಮ ನಮ್ಮ ಮನೆಯವರಿಗೂ ಅನ್ವಯಿಸುತ್ತದೆ. ಬೆಲೆ ಬಿದ್ದ ವರ್ಷಗಳಲ್ಲಿ ಬೆಳೆಗಾರನ ಮನೆಯೊಳಗೆ ಏನೇನಾಯಿತೆಂಬುದನ್ನು ಯಾರೂ ಮರೆತಿಲ್ಲ.

ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರು ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಪ್ರಾಣ ಕಳೆದುಕೊಳ್ಳಲು ಹೊರಟವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನನ್ನು ಶಿಕ್ಷಿಸಕೂಡದು ಎಂದು ಅದು ಹೇಳುತ್ತದೆ. ಆದುದರಿಂದ ತಡಮಾಡಬಾರದು.

ಇನ್ನು ಕುಡಿತ. ಬಟವಾಡೆಯ ಹಣ ಸಾರಾಯಿಗೆ ಹೋಗುತ್ತದೆಂಬ ದೂರು ಹಳೆಯದು. ಆದರೆ ಬಹಳ ಮಂದಿಗೆ ತಿಳಿಯದ ಒಂದು ಅಪಾಯವಿದೆ. ಹತ್ತಾರು ವರ್ಷ ದಿನಾ ಕುಡಿದವನು ದೇವರ ಹರಕೆಯೆಂದೋ ಮಾಲೆ ಹಾಕಿದನೆಂದೋ ಒಮ್ಮೆಗೇ ಬಿಟ್ಟನೆನ್ನಿ. ಮೊದಲ ದಿನ ಕೈ ನಡುಕ, ಬೆವರು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಲವರಿಗೆ ದಿಕ್ಕು ತಪ್ಪಿ, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಅಟ್ಟಿಸಿಕೊಂಡು ಬಂದಂತೆ ಕಾಣತೊಡಗುತ್ತದೆ. ಲೈನಿನವರು ದೆವ್ವವೆಂದು ಮಂತ್ರವಾದಿಯನ್ನು ಕರೆಸುತ್ತಾರೆ. ಇದು ಜೀವಕ್ಕೇ ಅಪಾಯವಾದ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಸೇರಿಸಿದರೆ ಬದುಕುತ್ತಾನೆ. ಅಂದರೆ ಕುಡಿತ ಬಿಡಬಾರದೆಂದಲ್ಲ. ದಿನವೂ ಹೆಚ್ಚು ಕುಡಿಯುವವನು ಬಿಡುವುದಾದರೆ ಮೊದಲು ಡಾಕ್ಟರನ್ನು ಕಂಡು, ಅವರು ಕೊಡುವ ಔಷಧಿಯ ಆಸರೆಯಲ್ಲಿ ಬಿಡಬೇಕು. ಹರಕೆಯೂ ಇರಲಿ, ದೇವಸ್ಥಾನವೂ ಇರಲಿ, ಅದರ ಜೊತೆಗೆ ಆಸ್ಪತ್ರೆಯೂ ಇರಲಿ. ಕೂಲಿಯ ಬದಲು ಬಾಟಲಿ ಕೊಟ್ಟು ಮರಗೆಲಸ ಮಾಡಿಸಿಕೊಳ್ಳುವ ಸದಸ್ಯರು ನಮ್ಮಲ್ಲೇ ಇದ್ದಾರೆ. ಅವರಿಗೆ ಈ ಲೇಖನದಲ್ಲಿ ಹೇಳುವುದಕ್ಕಿಂತ ಮುಂದಿನ ಮಹಾಸಭೆಯಲ್ಲಿ ಎದುರೆದುರೇ ಹೇಳುವುದು ಲೇಸೆಂದು ಬಿಟ್ಟಿದ್ದೇವೆ.

ಆಳಿನ ನಿದ್ದೆ ಕೆಡಿಸುವ ಮತ್ತೊಂದು ವಸ್ತು ನಮ್ಮ ಮೇಜಿನ ಡ್ರಾಯರಿನಲ್ಲೇ ಇರುತ್ತದೆ: ಮುಂಗಡದ ಲೆಕ್ಕ. ಮಗಳ ಮದುವೆಗೆ, ಆಸ್ಪತ್ರೆಗೆ ಎಂದು ತೆಗೆದುಕೊಂಡದ್ದೆಷ್ಟು, ವಾರ ವಾರ ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು ಎಂಬುದು ಅವನಿಗೆ ತಿಳಿಯದು. ಕೇಳಿದರೆ ಯಜಮಾನರಿಗೆ ಸಿಟ್ಟು ಬಂದೀತೆಂಬ ಭಯ. ಸಾಲಕ್ಕಾಗಿ ದುಡಿಮೆಯನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಂತೆ ಅಪರಾಧ. ಅದು ಎಲ್ಲರಿಗೂ ಗೊತ್ತು. ನಾವು ಹೇಳುವುದು ಅದಕ್ಕಿಂತ ಸಣ್ಣ ಮಾತು. ಅವನದೇ ಒಂದು ಪುಸ್ತಕ ಮಾಡಿ, ಪ್ರತಿ ಬಟವಾಡೆಗೂ ಬರೆದು, ಓದಿ ಹೇಳಿ, ಅವನ ಕೈಗೇ ಕೊಡಿ. ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಸಿಗಬಹುದೆಂಬುದನ್ನೂ ಮುಂಚಿತವಾಗಿ ತಿಳಿಸಿ. ಇದಕ್ಕೆ ಖರ್ಚಿಲ್ಲ.

ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಆಳುಗಳು ಈಗ ನಮ್ಮ ತೋಟಗಳಲ್ಲಿ ಸಾಮಾನ್ಯ. ಅವರ ಹಬ್ಬ ಯಾವಾಗ, ಊರಿನಲ್ಲಿ ಯಾರಿದ್ದಾರೆ ಎಂಬುದನ್ನು ಕೇಳಿದವರು ಕಡಿಮೆ. ಭಾಷೆ ಬಾರದವನ ಮೌನವನ್ನು ಪೊಗರೆಂದು ತಿಳಿಯುವುದು ಸುಲಭ. ಲೈನಿನ ಹತ್ತಿರ ಫೋನಿಗೆ ಸಿಗ್ನಲ್ ಸಿಗುವ ಜಾಗ ಯಾವುದೆಂದು ತೋರಿಸಿಕೊಟ್ಟರೆ ಅದೂ ಒಂದು ಉಪಕಾರ.

ಚಿಕಿತ್ಸೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಈಗ ಹಿಂದಿನಷ್ಟು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1970ರ ದಶಕದಲ್ಲೇ ಸಕಲವಾರದ ಸುತ್ತಿನ ಹಳ್ಳಿಗಳಲ್ಲಿ, ಊರಿನ ಆರೋಗ್ಯ ಕಾರ್ಯಕರ್ತರಿಗೇ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಮುಂದೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗೆ ಅವರ ತಂಡ ಬರುವ ದಿನವನ್ನು ಅಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿಕೊಳ್ಳಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯೂ ಇದೆ. ನಂಬರು 14416, ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲಿ ಮಾತಾಡಬಹುದು. ಹಿಂದಿ, ಬಂಗಾಳಿ, ಅಸ್ಸಾಮಿ ಭಾಷೆಗಳಲ್ಲೂ ಉಂಟು.

ಔಷಧಿ ಶುರುವಾದ ಮೇಲೆ ಯಜಮಾನರು ತಿಳಿದಿರಬೇಕಾದುದು ಇಷ್ಟು. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆಯಂತಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಗುಣವಾದ ಮೇಲೂ ಡಾಕ್ಟರು ಹೇಳುವವರೆಗೆ ತಿಂಗಳುಗಟ್ಟಲೆ ನುಂಗಬೇಕು. ಹುಷಾರಾಯಿತೆಂದು ನಡುವೆ ಬಿಡುವುದರಿಂದಲೇ ಹಲವರಿಗೆ ಮರುಕಳಿಸುತ್ತದೆ. ಕೆಲವು ಔಷಧಿಗಳಿಂದ ತೂಕಡಿಕೆ ಬರುವುದರಿಂದ ಡಾಕ್ಟರು ಸರಿ ಎನ್ನುವವರೆಗೆ ಮರ ಹತ್ತಿಸಬಾರದು, ಕಳೆ ಕೊಚ್ಚುವ ಯಂತ್ರ ಕೈಗೆ ಕೊಡಬಾರದು. ಆದರೆ ಪೂರಾ ಮನೆಯಲ್ಲಿ ಕೂರಿಸುವುದೂ ಸರಿಯಲ್ಲ. ನರ್ಸರಿಯಲ್ಲಿ ಚೀಲ ತುಂಬುವುದು, ಕಣ ನೋಡಿಕೊಳ್ಳುವುದು, ಇಂಥ ಹಗುರ ಕೆಲಸ ಕೊಟ್ಟು ಹಾಜರಿ ಬರೆಸಿದರೆ ಮಾತ್ರೆಗೂ ಬಲ ಬರುತ್ತದೆ. ಕಾಯಿಲೆಯ ಹೆಸರು ಅವನಿಗೂ ನಿಮಗೂ ಮಾತ್ರ ತಿಳಿದಿರಲಿ. ರೈಟರಿಗೆ ಗೊತ್ತಾದರೆ ಸಂಜೆಗೆ ಸಂತೆಗೆ ಗೊತ್ತಾಗುತ್ತದೆ.

ಮೇಲೆ ಹೇಳಿದ ಕೊನೆಗಾರ ಈಗಲೂ ಅದೇ ತೋಟದಲ್ಲಿದ್ದಾನೆ. ಏಳೆಂಟು ತಿಂಗಳು ಔಷಧಿ ತೆಗೆದುಕೊಂಡ. ಮರ ಹತ್ತುವುದಿಲ್ಲ, ಯಜಮಾನರು ಹತ್ತು ಎಂದೂ ಹೇಳುವುದಿಲ್ಲ. ಕಳೆದ ವರ್ಷ ಅವರು ಕಾರ್ಬನ್ ಫೈಬರ್ ದೋಟಿಯೊಂದನ್ನು ಕೊಂಡರು. ಮೊದಲ ವಾರ ಕುತ್ತಿಗೆ ನೋಯುತ್ತದೆಂದು ಗೊಣಗಿದ. ಈಗ ನೆಲದ ಮೇಲೆ ನಿಂತೇ ಔಷಧಿ ಹೊಡೆಯುತ್ತಾನೆ, ಕೊನೆ ಇಳಿಸುತ್ತಾನೆ. ನೆರೆಯ ತೋಟದ ಇಬ್ಬರು ಹುಡುಗರಿಗೂ ಕಲಿಸಿದ್ದಾನೆ. ಪಂಪಿನ ಮನೆಗೆ ಬೀಗ ಬಿದ್ದಿದೆ. ಸಂಘದ ಗೋದಾಮಿನ ಬಾಗಿಲ ಮೇಲೆ 14416 ಎಂದು ಬಣ್ಣದಲ್ಲಿ ಬರೆಸಿದ್ದೇವೆ. ಸದಸ್ಯರು ತಮ್ಮ ಹಾಜರಿ ಪುಸ್ತಕದ ರಟ್ಟಿನ ಒಳಬದಿಯಲ್ಲೂ ಅದನ್ನು ಬರೆದಿಟ್ಟುಕೊಳ್ಳಬೇಕಾಗಿ ಕೋರುತ್ತೇವೆ.