ಅರ್ಧಕ್ಕೆ ನಿಂತ ಅಪ್ಪಣೆ

ಲೆಕ್ಕಪತ್ರ, ದಾಸ್ತಾನು, ಸಂಬಳದ ಪಟ್ಟಿ ಮೊದಲಾದ ಕೆಲಸಗಳಿಗೆ ಇಂದು ಅನೇಕ ಕಂಪೆನಿಗಳು ಸ್ವಂತ ಗಣಕಯಂತ್ರಗಳನ್ನು ಇಟ್ಟುಕೊಳ್ಳುವುದಿಲ್ಲ. ಮತ್ತೊಬ್ಬರ ಗಣಕಗಳಲ್ಲಿ ಒಂದೊಂದು ಖಾತೆಯನ್ನು ತೆರೆದು ಕಾರ್ಯ ಸಾಗಿಸುತ್ತವೆ. ಇಂತಹ ಹತ್ತಾರು ಗ್ರಾಹಕರ ಖಾತೆಗಳ ಮೇಲ್ವಿಚಾರಣೆ ಒಂದೇ ಸಂಸ್ಥೆಯ ಕೈಯಲ್ಲಿರುವುದುಂಟು. ಖಾತೆಯೊಳಗೆ ಯಾರಿಗೆ ಪ್ರವೇಶ, ದಾಖಲೆಗಳು ಎಷ್ಟು ದಿನ ಉಳಿಯಬೇಕು ಎಂಬಿವೇ ಸಂಗತಿಗಳನ್ನು ಗೊತ್ತುಪಡಿಸುವ ನಿಯಮಪಟ್ಟಿಗೆ ಕಾನ್ಫಿಗರೇಷನ್ ಎಂದು ಹೆಸರು. ಪಟ್ಟಿ ಬದಲಾದಾಗ ಹೊಸದನ್ನು ಎಲ್ಲ ಖಾತೆಗಳಿಗೂ ಕಳುಹಿಸಬೇಕು. ಎಂಬತ್ತು ಖಾತೆಗಳ ಪೈಕಿ ಎಪ್ಪತ್ತೇಳರಲ್ಲಿ ಕೆಲಸ ಕೈಗೂಡಿ, ಮೂರರಲ್ಲಿ ಕೆಟ್ಟಿತೆನ್ನೋಣ. ಮುಂದೇನು? ಮತ್ತೊಮ್ಮೆ ಕಳುಹಿಸಿದರಾಯಿತು ಎಂದು ವಾಚಕರು ಹೇಳಬಹುದು. ಉತ್ತರ ತಪ್ಪಲ್ಲ, ಆದರೆ ಅಷ್ಟು ಸುಲಭವೂ ಅಲ್ಲ.

ಅರ್ಧಕ್ಕೆ ನಿಂತ ಕೆಲಸವು ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರ ಸಂಸ್ಥೆಯೇ ಸಾಕ್ಷಿ. ಅಲ್ಲಿದ್ದುದು ಬೇರೆಬೇರೆ ಗ್ರಾಹಕರ ಖಾತೆಗಳಲ್ಲ, ಒಂದೇ ಸಂಸ್ಥೆಯ ಎಂಟು ಸರ್ವರುಗಳು; ತೊಡಕು ಮಾತ್ರ ಇದೇ. 2012ರಲ್ಲಿ ಹೊಸ ಪ್ರೋಗ್ರಾಮನ್ನು ಏಳು ಸರ್ವರುಗಳಿಗೆ ಹಾಕಿದರು, ಎಂಟನೆಯದು ಉಳಿದುಹೋಯಿತು. ಆಗಸ್ಟ್ 1ರಂದು ಪೇಟೆ ತೆರೆದಾಗ ಆ ಒಂದು ಸರ್ವರಿನಲ್ಲಿ ಎಂದೋ ಬಳಕೆ ತಪ್ಪಿದ್ದ ಹಳೆಯ ಪ್ರೋಗ್ರಾಮು ಎಚ್ಚೆತ್ತು, ಮಿತಿಯಿಲ್ಲದೆ ಷೇರು ವ್ಯವಹಾರಕ್ಕೆ ತೊಡಗಿತು. ಸರಿಪಡಿಸಲು ಹೊರಟವರು, ದೋಷ ಹೊಸದರಲ್ಲಿರಬೇಕೆಂದು ಊಹಿಸಿ, ಸರಿಯಾಗಿದ್ದ ಏಳರಿಂದಲೂ ಅದನ್ನು ತೆಗೆದುಹಾಕಿದರು. ಅನಾಹುತ ಇನ್ನಷ್ಟು ಹಬ್ಬಿತು. ಸುಮಾರು 45 ನಿಮಿಷಗಳಲ್ಲಿ ಆದ ವ್ಯವಹಾರದಿಂದ ಸಂಸ್ಥೆಗೆ ಒದಗಿದ ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ ಎಂಬ ಲೆಕ್ಕವಿಲ್ಲದೆ ಮಾಡಿದ ಮರುಯತ್ನವು ಕತ್ತಲೆಯಲ್ಲಿ ಬೀಸಿದ ಕೋಲಿನಂತೆ.

ಲೆಕ್ಕವಿಟ್ಟರೂ ಒಂದು ಸಂದೇಹ ಉಳಿದೇ ಇರುತ್ತದೆ. ಕಳುಹಿಸಿದ ಅಪ್ಪಣೆಗೆ ಉತ್ತರ ಬಾರದಿದ್ದರೆ ಅಪ್ಪಣೆಯೇ ತಲಪಲಿಲ್ಲವೊ, ಕೆಲಸವಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೊ? ಕಳುಹಿಸಿದವನಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ‘ಹತ್ತು ಮೂಟೆ ಅಕ್ಕಿ ಕಳುಹಿಸಿ’ ಎಂದು ಮಂಡಿಗೆ ಕಾಗದ ಬರೆದು, ಉತ್ತರ ಬಾರದೆ ಮತ್ತೆ ಬರೆದರೆ ಇಪ್ಪತ್ತು ಮೂಟೆ ಬಂದಿಳಿಯಬಹುದು. ‘ನಮ್ಮ ಉಗ್ರಾಣದಲ್ಲಿ ಹತ್ತು ಮೂಟೆ ಇರುವಂತೆ ನೋಡಿಕೊಳ್ಳಿ’ ಎಂದು ಬರೆದಿದ್ದರೆ? ನಾಲ್ಕು ಸಲ ಬರೆದರೂ ಇರುವುದು ಹತ್ತೇ. ಮೊದಲನೆಯದು ಕ್ರಿಯೆಯನ್ನು ಹೇಳುತ್ತದೆ, ಎರಡನೆಯದು ಕೊನೆಗೆ ಇರಬೇಕಾದ ಸ್ಥಿತಿಯನ್ನು. ಎರಡನೆಯ ಬಗೆಯ ಅಪ್ಪಣೆಯನ್ನು ಐಡೆಂಪೊಟೆಂಟ್ ಎನ್ನುತ್ತಾರೆ. ಗಣಿತಜ್ಞ ಬೆಂಜಮಿನ್ ಪಿಯರ್ಸ್ 1870ರಲ್ಲಿ ಬಳಕೆಗೆ ತಂದ ಪದವಿದು; ತನ್ನನ್ನು ತನ್ನಿಂದಲೇ ಗುಣಿಸಿದರೂ ಬದಲಾಗದ್ದು ಎಂದು ಅರ್ಥ. ಸಂಖ್ಯೆಗಳಲ್ಲಿ 0 ಮತ್ತು 1 ಹಾಗಿವೆ. ಮರುಯತ್ನದ ವಿದ್ಯೆಯೆಲ್ಲ ಬಹುಮಟ್ಟಿಗೆ ಇದರ ಮೇಲೆ ನಿಂತಿದೆ ಎಂಬುದು ನನ್ನ ಎಣಿಕೆ.

ಇನ್ನು ವೈಫಲ್ಯಗಳಲ್ಲಿಯೂ ಜಾತಿಭೇದವುಂಟು. ಪಟ್ಟಿಯಲ್ಲಿ ಅಕ್ಷರ ತಪ್ಪಿದ್ದರೆ, ಅಥವಾ ಗ್ರಾಹಕನು ಅನುಮತಿಯನ್ನೇ ಕೊಟ್ಟಿರದಿದ್ದರೆ, ಸಾವಿರ ಸಲ ಕಳುಹಿಸಿಯೂ ಫಲವಿಲ್ಲ. ಮನುಷ್ಯನೇ ಹೋಗಿ ನೋಡಬೇಕು. ಜಾಲದಲ್ಲಿ ದಟ್ಟಣೆಯಾಗಿ ಕೆಟ್ಟುದಾದರೆ ಕಾದು ಕಳುಹಿಸಬಹುದು. ಆದರೆ ಎಲ್ಲರೂ ಸರಿಯಾಗಿ ಹತ್ತು ಸೆಕೆಂಡು ಕಾದರೆ ಎಲ್ಲರೂ ಮತ್ತೆ ಒಮ್ಮೆಗೇ ನುಗ್ಗುವರಷ್ಟೆ! ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ನಡೆಸತೊಡಗಿದ ಅಲೋಹ ಎಂಬ ರೇಡಿಯೋ ಜಾಲದಲ್ಲಿ, ಡಿಕ್ಕಿಯಾದ ಸಂದೇಶಗಳನ್ನು ಒಂದೊಂದು ಕೇಂದ್ರವೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳುಹಿಸುತ್ತಿತ್ತು. ಅನಂತರ ಬಂದ ಈಥರ್ನೆಟ್ಟಿನಲ್ಲಿ, ಸೋತಂತೆಲ್ಲ ಕಾಯುವ ಅವಧಿಯ ಮೇರೆಯನ್ನು ಇಮ್ಮಡಿಸುತ್ತ ಹೋಗುವ ಏರ್ಪಾಡು ಬಂದಿತು. ಖಾತೆಗಳಿಗೆ ಪಟ್ಟಿ ಕಳುಹಿಸುವವರು ಇಂದಿಗೂ ಈ ಎರಡನ್ನೂ ಬೆರೆಸಿ ಬಳಸುತ್ತಾರೆ.

ಎಂಬತ್ತು ಖಾತೆಗಳಿಗೆ ಮರಳೋಣ. ಮರುಯತ್ನ ಆ ಮೂರಕ್ಕೆ ಮಾತ್ರವೊ, ಎಲ್ಲಕ್ಕೂ ಒಮ್ಮೆಯೊ? ಅಪ್ಪಣೆ ಸ್ಥಿತಿಯನ್ನು ಹೇಳುವಂಥದಾದರೆ ಎಲ್ಲಕ್ಕೂ ಕಳುಹಿಸಬಹುದು; ಎಪ್ಪತ್ತೇಳರ ಪರೀಕ್ಷೆಯೂ ಆದಂತಾಗುತ್ತದೆ. ಆದರೆ ನಡುವೆ ಯಾವನಾದರೊಬ್ಬ ಗ್ರಾಹಕನು ತನ್ನ ಖಾತೆಯಲ್ಲಿ ಕೈಯಾರೆ ಒಂದು ನಿಯಮವನ್ನು ಬದಲಿಸಿಕೊಂಡಿದ್ದರೆ ಅದು ಸದ್ದಿಲ್ಲದೆ ಅಳಿಸಿಹೋಗುವುದು. ಆದುದರಿಂದ ಕಳುಹಿಸುವ ಮೊದಲು ಖಾತೆಯಲ್ಲಿ ಈಗ ಏನಿದೆಯೆಂದು ಓದಿ ನೋಡುವುದು ಲೇಸು. ಹಾಗೆಯೇ ಮರುಯತ್ನದಲ್ಲಿ ಹೋಗುವ ಪಟ್ಟಿಗೂ ಮೊದಲು ಹೋದ ಪಟ್ಟಿಯ ಆವೃತ್ತಿ ಸಂಖ್ಯೆಯೇ ಇರಬೇಕು. ಇಲ್ಲವಾದರೆ ಆ ಮೂರು ಖಾತೆಗಳು ಉಳಿದ ಎಪ್ಪತ್ತೇಳಕ್ಕಿಂತ ಬೇರೆಯಾದ ನಿಯಮದಲ್ಲಿ ನಡೆಯುತ್ತವೆ, ಮತ್ತು ದಾಖಲೆಯಲ್ಲಿ ಎಂಬತ್ತೂ ಯಶಸ್ವಿಯೆಂದೇ ಕಾಣುತ್ತದೆ.