ಕಡಲು ಸರಿದ ಊರು, ಕಡಲು ನುಂಗಿದ ಊರು
ಮೂರು ದಿನಗಳ ಒಂದು ಪ್ರವಾಸ

ದೀಪಾವಳಿಯ ರಜೆ ಸಮೀಪಿಸಿತೆಂದರೆ ನವರಂಗಪುರದ ಕನ್ನಡಿಗರ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಊರಿಗೆ ಹೊರಡುವುದು ಎಂದು? ಹುಟ್ಟಿದ ನೆಲದ ಸೆಳೆತ ಸಹಜವಾದುದು. ಅದನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ವರ್ಷದ ರಜೆಗಳೆಲ್ಲ ದಕ್ಷಿಣದ ರೈಲಿಗೇ ಮೀಸಲಾದರೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಗುಜರಾತವು ತಂದೆಯ ನೌಕರಿಯ ಸ್ಥಳವಾಗಿ ಮಾತ್ರ ಉಳಿದುಬಿಡುತ್ತದೆ. ಅನ್ನವಿತ್ತ ನೆಲವನ್ನು ಅರಿಯದೆ ಬಾಳುವುದು ನಮಗೆ ಶೋಭಿಸುವಂಥದಲ್ಲ. ಆದುದರಿಂದ ಒಂದು ರಜೆಯಲ್ಲಿ ಕೇವಲ ಮೂರು ದಿನಗಳನ್ನು ಈ ಪ್ರಾಂತದ ಕಡಲತೀರಕ್ಕೆ ಮೀಸಲಿಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದ ಕನ್ನಡಿಗರೊಬ್ಬರಿದ್ದಾರೆ. ಶಿಕಾರಿಪುರ ರಂಗನಾಥ ರಾಯರು (1922-2013) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ನಮ್ಮಂತೆಯೇ ನೌಕರಿಯನ್ನರಸಿ ಗುಜರಾತಕ್ಕೆ ಬಂದು, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ದುಡಿದವರು. 1954ರಲ್ಲಿ ಲೋಥಲ್‌ನ ದಿಬ್ಬವನ್ನು ಗುರುತಿಸಿ, 1955ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಸಿದವರು ಅವರೇ. ಮುಂದೆ ದ್ವಾರಕೆಯ ಕಡಲಿನ ತಳವನ್ನು ಶೋಧಿಸಿದ ತಂಡದ ನಾಯಕರೂ ಅವರೇ. ಈ ಎರಡು ಸ್ಥಳಗಳನ್ನು ಒಂದೇ ಪ್ರವಾಸದಲ್ಲಿ ಕಾಣುವುದು ಉಚಿತ.

ಮೊದಲನೆಯ ದಿನ ಲೋಥಲ್. ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ಬಿಡುವಾದುದರಿಂದ ಶನಿವಾರ ಬೆಳಿಗ್ಗೆ ಹೊರಡುವುದು ಲೇಸು. ನೆರಳು ವಿರಳ, ಕುಡಿಯುವ ನೀರನ್ನೂ ಬುತ್ತಿಯನ್ನೂ ಮರೆಯಬಾರದು. ಅಲ್ಲಿ ಕಣ್ಣಿಗೆ ಬೀಳುವುದು ಆಕಾಶವನ್ನು ಮುಟ್ಟುವ ಗೋಪುರಗಳಲ್ಲ. ಸುಟ್ಟ ಇಟ್ಟಿಗೆಯ ಒಂದು ದೊಡ್ಡ ಕಟ್ಟೆ, ಉಗ್ರಾಣದ ಜಗಲಿ, ಬಾವಿ, ಚರಂಡಿ, ಮಣಿಗಳನ್ನು ಮಾಡುತ್ತಿದ್ದ ಕಮ್ಮಟ, ಇಷ್ಟೇ. ಸುಮಾರು 215 ಮೀಟರು ಉದ್ದ, 36 ಮೀಟರು ಅಗಲವಿರುವ ಆ ಕಟ್ಟೆಯನ್ನು ರಾಯರು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹಡಗುಕಟ್ಟೆಯೆಂದು ನಿರ್ಣಯಿಸಿದರು. ಅದು ನೀರಾವರಿಯ ಕೆರೆಯಿರಬಹುದೆಂದು ವಾದಿಸಿದ ವಿದ್ವಾಂಸರೂ ಉಂಟು. ಸಾಬರಮತಿಯು ಹಿಂದೆ ಲೋಥಲ್‌ನ ಪಕ್ಕದಲ್ಲೇ ಹರಿಯುತ್ತಿತ್ತೆಂದು ಗಾಂಧಿನಗರದ ಐ.ಐ.ಟಿ.ಯ ಸಂಶೋಧಕರು ಉಪಗ್ರಹ ಚಿತ್ರಗಳ ನೆರವಿನಿಂದ 2024ರಲ್ಲಿ ಪ್ರಕಟಿಸಿದ ಅಧ್ಯಯನವು ರಾಯರ ಪಕ್ಷಕ್ಕೆ ಬಲವನ್ನು ತಂದಿದೆ. ಪರ್ಷಿಯಾ ಕೊಲ್ಲಿಯ ಮಾದರಿಯ ಮುದ್ರೆಯೊಂದು ಇಲ್ಲಿ ದೊರೆತಿರುವುದು ದೂರದ ವ್ಯಾಪಾರಕ್ಕೆ ಸಾಕ್ಷಿ. ಇಂದು ಆ ಕಟ್ಟೆಯ ಮೇಲೆ ನಿಂತರೆ ಕಡಲು ಕಾಣದು. ನದಿಗಳು ತಂದೊಡ್ಡಿದ ಹೂಳಿನಿಂದ ನೀರು ದೂರ ಸರಿದು, ಬಂದರು ಬಯಲಿನ ನಡುವೆ ಒಂಟಿಯಾಗಿ ಉಳಿದಿದೆ.

ಅಲ್ಲಿಂದ ಬಗೋದರಾಕ್ಕೆ ಬಂದು ಹೆದ್ದಾರಿಯನ್ನು ಹಿಡಿದರೆ ರಾಜಕೋಟದ ಮಾರ್ಗವಾಗಿ ಸಂಜೆಗೆ ಜಾಮನಗರವನ್ನು ಸೇರಬಹುದು. ರಾತ್ರಿ ಅಲ್ಲಿಯೇ ತಂಗುವುದು ಮಕ್ಕಳಿಗೂ ವೃದ್ಧರಿಗೂ ಅನುಕೂಲ. ಸ್ವಂತ ವಾಹನವಿಲ್ಲದವರು ಲೋಥಲ್‌ಗೆ ಬೇರೊಂದು ಭಾನುವಾರವನ್ನು ಇಟ್ಟುಕೊಂಡು, ಓಖಾ ಕಡೆಯ ರೈಲಿನಲ್ಲಿ ನೇರವಾಗಿ ದ್ವಾರಕೆಗೆ ಹೋಗಬಹುದು.

ಎರಡನೆಯ ದಿನ ದ್ವಾರಕೆ. ಬೆಳಿಗ್ಗೆ ಬೇಗನೆ ತಲುಪಿ ದ್ವಾರಕಾಧೀಶನ ದರ್ಶನವನ್ನು ಮುಗಿಸಬೇಕು. ಮಧ್ಯಾಹ್ನ ದೇವಾಲಯದ ಬಾಗಿಲು ಮುಚ್ಚಿರುತ್ತದೆ. ಶಂಕರಾಚಾರ್ಯರು ನಾಲ್ಕು ದಿಕ್ಕುಗಳಲ್ಲಿ ಸ್ಥಾಪಿಸಿದರೆಂದು ಸಂಪ್ರದಾಯವು ಹೇಳುವ ಮಠಗಳಲ್ಲಿ ನಮ್ಮ ಶೃಂಗೇರಿಯೊಂದಿಗೆ ಎಣಿಸಲ್ಪಡುವ ಶಾರದಾಪೀಠವೂ ಇಲ್ಲಿಯೇ ಇದೆ. ಬಿಸಿಲು ಇಳಿಯುವ ಹೊತ್ತಿಗೆ ಓಖಾ ದಾರಿಯಲ್ಲಿ ಹನ್ನೆರಡು ಕಿಲೋಮೀಟರು ದೂರದ ಶಿವರಾಜಪುರದ ಕಡಲತೀರಕ್ಕೆ ಹೋಗಬಹುದು. 2020ರಲ್ಲಿ ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆ ಪಡೆದ ತೀರವಿದು. ಮಕ್ಕಳು ಮನದಣಿಯೆ ಮರಳಿನಲ್ಲಿ ಆಡಲಿ.

ಸೂರ್ಯಾಸ್ತಕ್ಕೆ ಮಾತ್ರ ದ್ವಾರಕೆಗೆ ಹಿಂದಿರುಗಿ, ಗೋಮತಿಯು ಕಡಲನ್ನು ಸೇರುವಲ್ಲಿರುವ ಸಮುದ್ರನಾರಾಯಣ ದೇವಾಲಯದ ಬಳಿ ನಿಲ್ಲಬೇಕು. 1980ರ ದಶಕದಲ್ಲಿ ರಾಯರ ತಂಡದವರು ಮುಳುಗಿ ಶೋಧಿಸಿದುದು ಎದುರಿಗಿರುವ ಈ ನೀರನ್ನೇ. ಕಲ್ಲಿನ ಕಟ್ಟಡಗಳ ಅವಶೇಷಗಳೂ ಮೂರು ರಂಧ್ರಗಳ ಕಲ್ಲಿನ ಲಂಗರುಗಳೂ ಅವರಿಗೆ ದೊರೆತವು. ಇದು ಮಹಾಭಾರತದ ದ್ವಾರಕೆಯೇ ಎಂದು ರಾಯರು ನಂಬಿದ್ದರು. ಈ ಅವಶೇಷಗಳಲ್ಲಿ ಬಹುಪಾಲು ಬಹಳ ಈಚಿನ ಕಾಲದವೆಂದು ತರುವಾಯದ ಸಂಶೋಧಕರು ಹೇಳುತ್ತಾರೆ. ದಡದಲ್ಲಿ ನಿಂತವರಿಗೆ ಅವಾವುವೂ ಕಾಣವೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಮಕ್ಕಳು ‘ಇದು ನಿಜವೇ?’ ಎಂದು ಕೇಳಿದರೆ ಎರಡು ಅಭಿಪ್ರಾಯಗಳನ್ನೂ ಹೇಳಿರಿ. ಭಕ್ತಿಗೆ ಇದರಿಂದ ಕುಂದಿಲ್ಲ. ಪ್ರಶ್ನಿಸುವ ಬುದ್ಧಿಗಂತೂ ಲಾಭವೇ ಇದೆ.

ಮೂರನೆಯ ದಿನ ಬೆಳಿಗ್ಗೆ, 2024ರ ಫೆಬ್ರವರಿಯಲ್ಲಿ ತೆರೆದ ಸುದರ್ಶನ ಸೇತುವೆಯ ಮೇಲಿಂದ ಬೇಟ್ ದ್ವಾರಕೆಯನ್ನು ನೋಡಿಕೊಂಡು ಮನೆಯ ದಾರಿ ಹಿಡಿಯಬಹುದು. ಹಿಂದೆ ದೋಣಿಯನ್ನು ಕಾಯಬೇಕಾಗಿದ್ದ ಹಾದಿಯಿದು. ದ್ವಾರಕೆಯಿಂದ ಅಹಮದಾಬಾದಿಗೆ ಸುಮಾರು 440 ಕಿಲೋಮೀಟರು; ಇಡೀ ಹಗಲು ದಾರಿಗೇ ಬೇಕು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಈ ಪ್ರವಾಸಕ್ಕೆ ಪ್ರಶಸ್ತ. ಮಳೆಗಾಲದಲ್ಲಿ ಕಡಲಿಗಿಳಿಯುವ ಸಾಹಸ ಸಲ್ಲದು.

ಒಂದು ಊರನ್ನು ಕಡಲು ಬಿಟ್ಟುಹೋಯಿತು; ಇನ್ನೊಂದರ ಕಲ್ಲುಗಳನ್ನು ಕಡಲು ತನ್ನೊಳಗೆ ಅಡಗಿಸಿಕೊಂಡಿತು. ಎರಡನ್ನೂ ಹುಡುಕಿದವರು ಇಲ್ಲಿಗೆ ನೌಕರಿಗೆಂದು ಬಂದ ಕನ್ನಡಿಗರೊಬ್ಬರು. ಅವರು ಈ ನೆಲವನ್ನು ಸಂಬಳದ ಸ್ಥಳವೆಂದಷ್ಟೇ ಬಗೆದಿದ್ದರೆ ಲೋಥಲ್‌ನ ದಿಬ್ಬವು ಅವರ ಕಣ್ಣಿಗೆ ಬರಿಯ ಮಣ್ಣಾಗಿ ಕಾಣುತ್ತಿತ್ತು. ಊರಿಗೆ ಹೋಗುವ ರೈಲು ಎಂದಿಗೂ ಇದ್ದೇ ಇದೆ. ಈ ಸಲ ಮೂರು ದಿನ ತಡವಾಗಿ ಹತ್ತಿದರೆ, ಅಜ್ಜನ ಮನೆಯಲ್ಲಿ ಹೇಳಲು ಮಕ್ಕಳ ಬಾಯಲ್ಲಿ ತಮ್ಮದೇ ಆದ ಒಂದು ಕಥೆಯಿರುತ್ತದೆ.